ಅಲ್ಪವಿರಾಮದ ಬಾಲ

ಚಲನೆಯ ಕಾಯಿಲೆಗಳಲ್ಲಿ ಮಿದುಳಿನ ಸ್ಕ್ಯಾನ್ ಕುರಿತ ಸಂಶೋಧನೆಗೆ ಸೇರಿದೆಯಂತೆ, ನಿನ್ನಮ್ಮ ಹೇಳಿದಳು. ಬಹಳ ಸಂತೋಷವಾಯಿತು, ಮಗು. ನರರೋಗಿಗಳ ನಡುವೆಯೇ ತಲೆ ನರೆತವನು ನಾನು. ನಿನ್ನ ಹತ್ತಿರ ಒಂದು ವಿಷಯ ಹೇಳಿಕೊಳ್ಳಬೇಕು.

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್, ಮುಂದೆ ತನ್ನ ಹೆಸರನ್ನೇ ಪಡೆದ ರೋಗದ ಬಗ್ಗೆ ಬರೆದಾಗ ಅವನ ಮುಂದಿದ್ದದ್ದು ಆರೇ ಜನ. ಅವರಲ್ಲೂ ಕೆಲವರನ್ನು ಲಂಡನ್ನಿನ ಬೀದಿಯಲ್ಲಿ ಕಂಡಿದ್ದ, ಅಷ್ಟೆ. ಇವತ್ತಿಗೂ ನಾವು ರೋಗ ಹಿಡಿಯುವುದು ಬಹುಪಾಲು ಹಾಗೆಯೇ: ಬಾಗಿಲಿಂದ ಕುರ್ಚಿಯವರೆಗಿನ ನಡಿಗೆಯಲ್ಲಿ, ಬೀಸದೆ ಉಳಿದ ಒಂದು ಕೈಯಲ್ಲಿ, ಸಾಲು ಮುಗಿಯುವಷ್ಟರಲ್ಲಿ ಇರುವೆಯಷ್ಟಾಗುವ ಅಕ್ಷರದಲ್ಲಿ. ಮಾಮೂಲಿ ಎಂಆರ್‌ಐ ತೆಗೆಸುವುದು ಪಾರ್ಶ್ವವಾಯು, ಗೆಡ್ಡೆ, ಮಿದುಳಲ್ಲಿ ನೀರು ತುಂಬುವುದು ಇಂಥವು ಇಲ್ಲವೆಂದು ಖಚಿತಪಡಿಸಿಕೊಳ್ಳಲು. "ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ ಡಾಕ್ಟ್ರೇ, ಮತ್ತೆ ಕೈ ಯಾಕೆ ನಡುಗುತ್ತೆ?" ಎಂದು ಕೇಳಿಯೇ ಕೇಳುತ್ತಾರೆ. ಕೂತು ಬಿಡಿಸಿ ಹೇಳು.

ನೀನು ನೋಡಲಿರುವ ಡ್ಯಾಟ್ ಸ್ಕ್ಯಾನ್ ಬೇರೆಯದು. ಸೂಜಿಯಲ್ಲಿ ಕೊಟ್ಟ ವಿಕಿರಣಶೀಲ ವಸ್ತು ಡೋಪಮೈನ್ ನರಗಳ ತುದಿಯಲ್ಲಿರುವ ಒಂದು ಪ್ರೋಟೀನಿಗೆ ಅಂಟಿಕೊಂಡು, ಆರೋಗ್ಯವಂತರಲ್ಲಿ ಎರಡು ಅಲ್ಪವಿರಾಮಗಳಂತೆ ಬೆಳಗುತ್ತದೆ. ಪಾರ್ಕಿನ್ಸನ್ ಬಂದರೆ ಬಾಲ ಮಾಸಿ ಪೂರ್ಣವಿರಾಮ ಉಳಿಯುತ್ತದೆ. ಮೊದಲ ಸಲ ನೋಡಿದಾಗ ಮರುಳಾಗಿದ್ದೆ. ನೀನೂ ಆಗುತ್ತೀಯ.

ಆದರೆ ಆ ಬೆಳಕೇ ಒಮ್ಮೆ ನನ್ನನ್ನು ದಾರಿ ತಪ್ಪಿಸಿತು. ಅಮೆರಿಕ, ಕೆನಡಾಗಳಲ್ಲಿ 361 ರೋಗಿಗಳ ಮೇಲೆ ನಡೆದ, ಪಾರ್ಕಿನ್ಸನ್ ಔಷಧ ಲೆವೊಡೋಪಾದ ಪ್ರಯೋಗದ ಫಲಿತಾಂಶ 2004ರಲ್ಲಿ ಹೊರಬಂತು. 40 ವಾರ ಮಾತ್ರೆ ಕೊಟ್ಟು, ಎರಡು ವಾರ ನಿಲ್ಲಿಸಿ ನೋಡಿದಾಗ, ಔಷಧ ನುಂಗಿದವರೇ ಚೆನ್ನಾಗಿದ್ದರು. ಆದರೆ ಪ್ರಯೋಗದಲ್ಲಿದ್ದ ಕೆಲವರಿಗೆ ಮಾಡಿದ ಇಂಥದೇ ಸ್ಕ್ಯಾನ್ ತಿರುಗಾಮುರುಗಾ ಹೇಳಿತು: ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಆ ಬೆಳಕು ಶೇ 1.4ರಷ್ಟು ಇಳಿದಿದ್ದರೆ, ದಿನಕ್ಕೆ 600 ಮಿ.ಗ್ರಾಂ. ಔಷಧ ಪಡೆದವರಲ್ಲಿ ಶೇ 7.2. ಔಷಧವೇ ನರಕೋಶ ಕೊಲ್ಲುತ್ತಿದೆಯೇ ಎಂಬ ಭಯ ನಮ್ಮನ್ನೆಲ್ಲ ಹಿಡಿಯಿತು. ಸ್ಕ್ಯಾನ್ ಅಳೆಯುವುದು ಪ್ರೋಟೀನನ್ನು. ನಾವು ಅದನ್ನು ನರಕೋಶಗಳ ಲೆಕ್ಕವೆಂದು ಓದಿಕೊಂಡೆವು. ಔಷಧದಿಂದ ಆ ಪ್ರೋಟೀನೇ ಕಡಿಮೆಯಾಗಿರಬಹುದೆಂಬ ಮಾತು ಆಗಲೇ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಮೇಷ್ಟರೊಬ್ಬರು ಆಗ ನನ್ನ ಬಳಿ ಬರುತ್ತಿದ್ದರು. "ಇನ್ನೂ ಸ್ವಲ್ಪ ದಿನ ತಡೀರಿ, ಮಾತ್ರೆ ಬೇಡ" ಅಂದೆ. ಅವರು ತಡೆದರು, ವರ್ಷಕ್ಕೂ ಹೆಚ್ಚು. 2019ರಲ್ಲಿ ನೆದರ್ಲೆಂಡ್ಸಿನ 445 ರೋಗಿಗಳ ಪ್ರಯೋಗ ಹೊರಬಂತು: ಲೆವೊಡೋಪಾವನ್ನು 40 ವಾರ ಮೊದಲೇ ಶುರು ಮಾಡಿದ್ದರಿಂದ ರೋಗದ ಗತಿ ನಿಧಾನವಾಗಲಿಲ್ಲ, ಹಾನಿಯೂ ಆಗಲಿಲ್ಲ. ಅಷ್ಟರಲ್ಲಿ ಮೇಷ್ಟರು ತೀರಿಕೊಂಡಿದ್ದರು. ಅವರ ಗುಂಡಿ ಹಾಕುತ್ತಿದ್ದ ಹೆಂಡತಿಯ ಕೈ ಈಗಲೂ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಹೇಳುತ್ತೇನೆ, ಕಂಪ್ಯೂಟರಿನಲ್ಲಿ ಚಿತ್ರ ತೆರೆಯುವ ಮೊದಲು ಆ ಮನುಷ್ಯ ನಡೆಯುವುದನ್ನು ನೋಡು. ಯಾವ ಮಾತ್ರೆ, ಕೊನೆಯದು ಎಷ್ಟು ಗಂಟೆಗೆ ಎಂದು ಕೇಳಿ ಬರೆದಿಟ್ಟುಕೋ. ಸಂಶೋಧನೆಗಾಗಿ ಹಿಂದಿನ ರಾತ್ರಿಯಿಂದ ಮಾತ್ರೆ ಬಿಟ್ಟು ಬರುವವರೂ ಇರುತ್ತಾರೆ. ಮೈ ಮರದಂತೆ ಬಿಗಿದಿರುತ್ತದೆ. ಸ್ಕ್ಯಾನ್ ಮುಗಿದ ಕೂಡಲೇ ಎಬ್ಬಿಸಬೇಡ, ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದು ಅವರಲ್ಲಿ ಹೆಚ್ಚು. ಮೊದಲು ಕೂರಿಸು. ಮಾತ್ರೆಯೂ ನೀರೂ ನಿನ್ನ ಕೈಯಲ್ಲೇ ಇರಲಿ.