ಖಾಲಿ ಮಾಡಿಸಿದ ರಸ್ತೆ

ಮಗಾ,

ಬೈಕ್ ಬೇಕೆಂದು ನೀನು ಅಪ್ಪನ ಹತ್ತಿರ ಹಟ ಹಿಡಿದಿರುವುದು, ಅವನು ಆ ಮಾತನ್ನು ಮೆಲ್ಲಗೆ ನನ್ನ ಕಡೆ ತಳ್ಳಿರುವುದು ಎರಡೂ ಗೊತ್ತಾಯಿತು. ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ಹದಿನೆಂಟು ತುಂಬಲಿ, ಎಲ್‌ಎಲ್‌ಆರ್ ಮಾಡಿಸು, ಅರ್ಧ ದುಡ್ಡು ನಾನೇ ಹಾಕುತ್ತೇನೆ. ಅಷ್ಟರೊಳಗೆ ಒಂದು ಮಾತು ಹೇಳಬೇಕು. ನಿನಗೆ ಹುಚ್ಚು ಹಿಡಿಸಿರುವ ಆ ಚೇಸಿಂಗ್ ಸೀನುಗಳ ಅನ್ನವನ್ನು ಇಪ್ಪತ್ತೆರಡು ವರ್ಷ ಉಂಡವನು ನಾನು. ಯೂನಿಟ್ ವ್ಯಾನ್ ಓಡಿಸಿದವನಿಗೆ ಪರದೆಯ ಮೇಲೆ ಬಾರದ್ದೆಲ್ಲ ಕಾಣುತ್ತದೆ.

ಕಳೆದ ತಿಂಗಳು ಎಲ್ಲರೂ ಸಿನಿಮಾಕ್ಕೆ ಹೋಗಿದ್ದೆವಲ್ಲ. ಹೀರೋ ಒಂದೇ ಚಕ್ರದ ಮೇಲೆ ಸಿಗ್ನಲ್ ದಾಟಿದಾಗ ನೀನು ಶಿಳ್ಳೆ ಹೊಡೆದೆ. ಹೊಡಿ, ನಾನೂ ಒಂದು ಕಾಲದಲ್ಲಿ ಹೊಡೆದವನೇ. ಆದರೆ ಆಗ ನನ್ನ ಕಣ್ಣಿದ್ದದ್ದು ನಿನ್ನ ತಮ್ಮನ ಮೇಲೆ. ಪೊಲೀಸ್ ಜೀಪು ಮೂರು ಪಲ್ಟಿ ಹೊಡೆದದ್ದಕ್ಕೆ ಆರು ವರ್ಷದ ಕೂಸು ಚಪ್ಪಾಳೆ ತಟ್ಟಿ ನಕ್ಕ. ಮನೆಗೆ ಬಂದವನೇ ಸೋಫಾದ ಕೈ ಮೇಲಿಂದ ಆಟದ ಜೀಪನ್ನು ಬೀಳಿಸುತ್ತ ಕೂತ. “ಒಳಗಿದ್ದ ಡ್ರೈವರ್ ಏನಾದನೋ?” ಅಂದೆ. “ಒಳಗೆ ಯಾರೂ ಇಲ್ಲ ತಾತ” ಅಂದ. ಆಟದ ಜೀಪಿನ ಮಟ್ಟಿಗೆ ಅದು ಸರಿಯೇ. ಪರದೆಯ ಮೇಲಿನ ಜೀಪಿನಲ್ಲೂ ಯಾರೂ ಇರಲಿಲ್ಲ ಅಂತಲೇ ಅವನು ತಿಳಿದಿದ್ದಾನೆ ಅನ್ನಿಸಿ ನನಗೆ ಕಸಿವಿಸಿಯಾಯಿತು. ನಿನ್ನ ವಾರಿಗೆಯ ಹುಡುಗರದು ಇನ್ನೊಂದು ಥರ. ಬರುವಾಗ ಸುಮ್ಮನೆ ಬಂದು ಗಾಡಿ ನಿಲ್ಲಿಸಿದವರು, ಸಿನಿಮಾ ಬಿಟ್ಟ ಮೇಲೆ ಪಾರ್ಕಿಂಗ್‌ನಿಂದ ಹೊರಟ ರೀತಿ ನೀನೇ ನೋಡಿದೆಯಲ್ಲ.

ಆ ಸೀನಿನ ರಸ್ತೆ ಹೇಗೆ ತಯಾರಾಗುತ್ತದೆ ಕೇಳು. ಬೆಳಗಿನ ಜಾವ ನಾಲ್ಕಕ್ಕೆ ವ್ಯಾನ್ ತೆಗೆಯುತ್ತಿದ್ದೆ. ಊರಾಚೆ ಒಂದು ರಸ್ತೆ, ಎರಡೂ ತುದಿಗೆ ಹಗ್ಗ, ಹಗ್ಗದ ಹತ್ತಿರ ಪ್ರೊಡಕ್ಷನ್ ಹುಡುಗರು. ಫೈಟ್ ಮಾಸ್ಟರ್ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ತಿರುಗಿಸು, ಇಲ್ಲಿ ಬ್ರೇಕ್ ಹಿಡಿ ಅಂತ ತೋರಿಸುವರು. ನಿಧಾನಕ್ಕೆ ನಾಲ್ಕೈದು ಸಲ ರಿಹರ್ಸಲ್. ಕಾರು ಗುದ್ದಿ ಹಾರಿಸುವ ತರಕಾರಿ ಗಾಡಿಗೆ ಮಾರ್ಕೆಟ್ಟಿನಿಂದ ಕೊಳೆತ ಟೊಮೇಟೊ ಹೇರಿಕೊಂಡು ಬರುತ್ತಿದ್ದದ್ದು ನಾನೇ. ವ್ಯಾನಿನ ವಾಸನೆ ಮೂರು ದಿನ ಹೋಗುತ್ತಿರಲಿಲ್ಲ. ಗಾಡಿಯ ಹಿಂದೆ ನಿಂತು ಬೊಬ್ಬೆ ಹೊಡೆಯುವ ಅಜ್ಜಿ ಜೂನಿಯರ್ ಆರ್ಟಿಸ್ಟ್. ಎಷ್ಟೊತ್ತಿಗೆ, ಯಾವ ಪಕ್ಕಕ್ಕೆ ಸರಿಯಬೇಕು ಅಂತ ಆಕೆಗೆ ಮೊದಲೇ ಹೇಳಿರುತ್ತಾರೆ. ಸಂಜೆ ಬಾಟಾ ತಗೊಂಡು ಮನೆಗೆ ಹೋಗುತ್ತಾಳೆ. ಸ್ಟೇರಿಂಗ್ ಹಿಡಿದವನು ಡ್ಯೂಪ್. ಇಷ್ಟೆಲ್ಲ ಮಾಡಿ ಆ ಕಾರು ಎಷ್ಟರಲ್ಲಿ ಹೋಗುತ್ತಿತ್ತು ಅಂದುಕೊಂಡೆ? ನಲವತ್ತು. ಸೆಕೆಂಡಿಗೆ 24 ಫ್ರೇಮ್ ಬದಲು 18 ಫ್ರೇಮಿನಲ್ಲಿ ತೆಗೆದರೆ ಪರದೆಯ ಮೇಲೆ ಆ ನಲವತ್ತು ಐವತ್ತಮೂರರ ಹಾಗೆ ಓಡುತ್ತದೆ. ಮಿಕ್ಕಿದ್ದು ಎಡಿಟರ್ ಕತ್ತರಿ, ಸೌಂಡ್ ಮಾಡುವವರ ಕೈಚಳಕ.

ಇಂಥ ಏರ್ಪಾಡಿನಲ್ಲೂ ಒಂದು ಎಳೆ ತಪ್ಪಿದರೆ ಆಯಿತು. ನಾನು ಕೆಲಸ ಬಿಟ್ಟ ಮೇಲೆ, 2016ರ ನವೆಂಬರ್ 7ರಂದು, ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ನಟರಾದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಜೀವಂತ ಮೇಲೆ ಬರಲಿಲ್ಲ. ಟಿವಿಯಲ್ಲಿ ಆ ಹಾರಿದ ತುಣುಕನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು, ನಾನು ಎದ್ದು ಹೊರಗೆ ಹೋದೆ.

ಈಗ ನಿನ್ನ ರಸ್ತೆಗೆ ಬಾ. ಗಲ್ಲಿಯಿಂದ ಹಾಲಿನ ಪ್ಯಾಕೆಟ್ ಹಿಡಿದು ಹೊರಗೆ ಬರುವ ಹೆಂಗಸಿಗೆ ಯಾವ ಮಾಸ್ಟರ್ ಹೇಳಿದ್ದಾರೆ, ನೀನು ಬರುತ್ತೀ, ಎಡಕ್ಕೆ ಸರಿದುಕೋ ಅಂತ? ಅರವತ್ತರಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ. ಆಕೆಯನ್ನು ನೀನು ಕಂಡು, ಕೈಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಅಂದರೆ ಬ್ರೇಕ್ ಮುಟ್ಟುವ ಮೊದಲೇ ನೀನು ಒಂದು ಬಸ್ಸಿನ ಉದ್ದ ದಾಟಿರುತ್ತೀ. ಬ್ರೇಕ್ ಹಿಡಿದ ಮೇಲಿನ ದೂರದ ಲೆಕ್ಕ ಪಿಯುಸಿಯಲ್ಲಿ ಫಿಸಿಕ್ಸ್ ಓದುವ ನಿನಗೆ ಗೊತ್ತಿರಬೇಕು: ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀಯ, ಮೂವತ್ತಕ್ಕೂ ಅರವತ್ತಕ್ಕೂ ಹಾಕಿ ನೋಡಿದ್ದೀಯೋ ಇಲ್ಲವೋ.

“ಸಿನಿಮಾ ನೋಡಿ ಯಾರು ತಾತ ಕೆಡ್ತಾರೆ” ಅಂತ ನೀನು ಅನ್ನುತ್ತೀ. ಸಿನಿಮಾ ಜನರನ್ನು ಮುಟ್ಟುವುದೇ ಇಲ್ಲ ಅನ್ನುವುದಾದರೆ, 1980ರಲ್ಲಿ ಬಂದ ‘ಆಟೋ ರಾಜ’ನ ಶಂಕರ್‌ನಾಗ್ ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಯಾಕೆ ಇದ್ದಾನೆ? ಆ ಸಿನಿಮಾ ಬಂದಾಗ ಹುಟ್ಟೇ ಇರದ ಹುಡುಗರು ಅವನ ಚಿತ್ರ ಅಂಟಿಸಿಕೊಂಡು ಓಡಿಸುತ್ತಾರೆ. ಪ್ರೀತಿ ಅದು, ತಪ್ಪಲ್ಲ. ಶಂಕರಣ್ಣ ಹೋದದ್ದೂ ರಸ್ತೆಯಲ್ಲೇ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ವಯಸ್ಸು ಮೂವತ್ತೈದು. ಸುದ್ದಿ ಬಂದಾಗ ನಮ್ಮ ಯೂನಿಟ್‌ನಲ್ಲಿ ಬಡಿಸಿದ ಊಟ ಬಡಿಸಿದ ಹಾಗೇ ಉಳಿಯಿತು.

ಹಾಗಂತ ಎಲ್ಲವನ್ನೂ ಸಿನಿಮಾದ ತಲೆಗೆ ಕಟ್ಟಲಾರೆ. ಹೀರೋ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆಯ ಅಕ್ಷರ ಬರುತ್ತದೆ, ಬರಿತಲೆಯಲ್ಲಿ ನೂರರ ಮೇಲೆ ಬೈಕ್ ಬಿಟ್ಟರೆ ಹಾಡು ಶುರುವಾಗುತ್ತದೆ, ನಿಜ. ಹೆಲ್ಮೆಟ್ ಹಾಕಿದರೆ ಮುಖ ಕಾಣುವುದಿಲ್ಲವಲ್ಲ! ಆದರೆ ನನ್ನ ವಿಷಯ ಹೇಳು. ನಾಲ್ಕು ವರ್ಷದ ನಿನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಿಶುವಿಹಾರಕ್ಕೆ ಬಿಡುತ್ತಿದ್ದೆ. ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಿತ್ತು. ಸರ್ಕಲ್ ಹತ್ತಿರ ಬಂದಾಗ ನೀನೇ “ತಾತ, ಪೊಲೀಸ್ ಮಾಮ” ಅನ್ನುತ್ತಿದ್ದೆ. ನಾನು ತಲೆಗೆ ಹಾಕಿಕೊಳ್ಳುತ್ತಿದ್ದೆ, ದಾಟಿದ ಮೇಲೆ ತೆಗೆಯುತ್ತಿದ್ದೆ. ನೀನು ನಗುತ್ತಿದ್ದೆ. ಹೆಲ್ಮೆಟ್ ಇರುವುದು ಪೊಲೀಸರಿಗೆ ತೋರಿಸಲಿಕ್ಕೆ ಅಂತ ನಿನಗೆ ಕಲಿಸಿದ್ದು ಯಾವ ಹೀರೋನೂ ಅಲ್ಲ, ನಾನು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದವರು. ಪೇಪರಿನಲ್ಲಿ ಅದನ್ನು ಓದಿದಾಗ ನೆನಪಾದದ್ದು ಆ ಮೊಣಕೈಯೇ.

ಕಾನೂನಿನ ಮಾತು ಅಪ್ಪನಿಗೆ ಬಿಟ್ಟಿದ್ದೇನೆ. 2019ರ ತಿದ್ದುಪಡಿಯ ಪ್ರಕಾರ ಹದಿನೆಂಟರೊಳಗಿನವನು ಗಾಡಿ ಓಡಿಸಿ ತಪ್ಪು ಮಾಡಿದರೆ ಜೈಲು, 25,000 ರೂಪಾಯಿ ದಂಡ ಎಲ್ಲ ಹೆತ್ತವರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಅಪ್ಪನ ಸ್ಕೂಟರ್ ಕೀ ಈಗ ಎಲ್ಲಿದೆ ಅಂತ ಕೇಳಬೇಡ, ನನ್ನ ಜೇಬಿನಲ್ಲಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ನಿನ್ನ ಸೈಕಲ್ ತಗೊಂಡು ಮೈದಾನಕ್ಕೆ ಬಾ. ಮಾಸ್ಟರ್ ಎಳೆದ ಹಾಗೆ ಒಂದು ಗೆರೆ ಎಳೆಯುತ್ತೇನೆ. ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ತುಳಿದುಕೊಂಡು ಬಾ, ಗೆರೆ ಮುಟ್ಟಿದಾಗ ಬ್ರೇಕ್ ಹಿಡಿ. ಎಲ್ಲಿ ನಿಂತೆ ಅಂತ ಟೇಪು ಹಿಡಿದು ನಿನ್ನ ತಮ್ಮ ಅಳೆಯಲಿ. ಆಮೇಲೆ ಅದರರ್ಧ ಜೋರಿನಲ್ಲಿ ಇನ್ನೊಂದು ಸಲ. ಸೀಮೆಸುಣ್ಣ ನಾನು ತರುತ್ತೇನೆ.

ಇಂತಿ,
ತಾತ