ಬ್ರಿಟನ್ನಿನ ಬೆಟ್ಟದ ಬಾರ್‌ಗೆ ಹೋಗುವ ಮುನ್ನ

ಸ್ಕಾಟ್ಲೆಂಡಿನ ಏವಿಮೋರ್ ಬಳಿ, ಕೇರ್ನ್‌ಗಾರ್ಮ್ ಬೆಟ್ಟಗಳ ಬುಡದಲ್ಲಿ ಗ್ಲೆನ್‌ಮೋರ್ ಲಾಡ್ಜ್ ಎಂಬ ಸಾಹಸ ತರಬೇತಿ ಕೇಂದ್ರವಿದೆ. ಹಗಲು ಬಂಡೆ ಹತ್ತಿ, ಹಿಮದಲ್ಲಿ ನಡೆದು ಬಂದವರು ಸಂಜೆ ಸೇರುವುದು ಅಲ್ಲಿನ ಬಾರ್‌ನಲ್ಲಿ. ಓದಿಗೆ, ಉದ್ಯೋಗಕ್ಕೆ ಬ್ರಿಟನ್ನಿಗೆ ಹೋದ ಕನ್ನಡಿಗರೂ ವಾರಾಂತ್ಯದಲ್ಲಿ ಇಂಥ ಕಡೆ ಹೋಗುವುದುಂಟು. ಆದರೆ ನಮ್ಮೂರಿನ ಲೆಕ್ಕಾಚಾರ ಅಲ್ಲಿ ನಡೆಯದು.

ವಯಸ್ಸು, ಗುರುತಿನ ಚೀಟಿ

ಮದ್ಯ ಕೊಳ್ಳಲು 18 ತುಂಬಿರಬೇಕು. 16–17ರ ವಯಸ್ಸಿನವರು ಊಟದ ಜೊತೆಗೆ ಬಿಯರ್, ವೈನ್ ಅಥವಾ ಸೈಡರ್ ಕುಡಿಯಬಹುದು. ಅದನ್ನು ದೊಡ್ಡವರೇ ಕೊಂಡು ಕೊಡಬೇಕು. ನೋಡಲು ಚಿಕ್ಕವರಂತಿದ್ದರೆ ಸಿಬ್ಬಂದಿ ವಯಸ್ಸಿನ ದಾಖಲೆ ಕೇಳುತ್ತಾರೆ. ಆಧಾರ್ ತೋರಿಸಿದರೆ ಸಾಲದು, ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಅಳತೆ, ನೀರು

ಡ್ರಾಟ್ ಬಿಯರ್ ಮಾರುವುದು ಪೈಂಟ್ ಲೆಕ್ಕದಲ್ಲಿ. ಒಂದು ಪೈಂಟ್ ಎಂದರೆ 568 ಮಿಲಿ. ವಿಸ್ಕಿ, ರಮ್, ಜಿನ್, ವೋಡ್ಕಾಗಳ ಅಳತೆ 25 ಇಲ್ಲವೇ 35 ಮಿಲಿ; ನಮ್ಮ 30, 60ರ ಪೆಗ್ ಅಲ್ಲಿಲ್ಲ. ಅಳತೆ ಕಡಿಮೆ ಎನಿಸಿದರೆ ಕೌಂಟರಿನಲ್ಲೇ ಕೇಳಿ. ಸರಿಪಡಿಸದಿದ್ದರೆ ಸ್ಥಳೀಯ ಕೌನ್ಸಿಲ್‌ನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ದೂರು ಕೊಡಬಹುದು. ಕೇಳಿದವರಿಗೆ ನಲ್ಲಿಯ ಕುಡಿಯುವ ನೀರನ್ನು ಬಿಟ್ಟಿಯಾಗಿ ಕೊಡುವುದು ಬಾರ್‌ನ ಕರ್ತವ್ಯ.

ಸೇವೆ ನಿರಾಕರಿಸಿದರೆ

ಅಮಲೇರಿದವರಿಗೆ ಮದ್ಯ ಮಾರುವುದು ಅಪರಾಧ. ಹಾಗಾಗಿ ‘ಇನ್ನು ಸಾಕು’ ಎಂದು ನಿಲ್ಲಿಸುವ ಹಕ್ಕು ಸಿಬ್ಬಂದಿಗಿದೆ. ಆದರೆ ಬಣ್ಣ, ರಾಷ್ಟ್ರೀಯತೆ, ಧರ್ಮ, ಲಿಂಗ ಅಥವಾ ಅಂಗವೈಕಲ್ಯದ ಕಾರಣಕ್ಕೆ ಸೇವೆ ನಿರಾಕರಿಸಿದರೆ ಅದು 2010ರ ಸಮಾನತಾ ಕಾಯ್ದೆಯ ಉಲ್ಲಂಘನೆ. ದಿನಾಂಕ, ಸಮಯ, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ 6 ತಿಂಗಳೊಳಗೆ ನ್ಯಾಯಾಲಯದ ಮೊರೆ ಹೋಗಬೇಕು.

ಕಾರಿನ ಕೀ ಜೇಬಿನಲ್ಲಿದ್ದರೆ

ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಾಲಕರ ಮಿತಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್. ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ ಅದನ್ನು 50ಕ್ಕೆ ಇಳಿಸಿತು. ಭಾರತದಲ್ಲಿ ಅದು 30. ಮಿತಿ ಮೀರಿ ಓಡಿಸಿ ಶಿಕ್ಷೆಯಾದರೆ ಕನಿಷ್ಠ 12 ತಿಂಗಳು ವಾಹನ ಓಡಿಸುವಂತಿಲ್ಲ. 6 ತಿಂಗಳವರೆಗೆ ಜೈಲೂ ಆಗಬಹುದು.

ಓಡಿಸದೆ ಸುಮ್ಮನೆ ಕಾರಿನಲ್ಲಿ ಮಲಗಿದರೆ? 1988ರ ರಸ್ತೆ ಸಂಚಾರ ಕಾಯ್ದೆ ಅದನ್ನೂ ಬಿಡುವುದಿಲ್ಲ. ಮಿತಿ ಮೀರಿ ಕುಡಿದು ಪಾರ್ಕಿಂಗ್‌ನಲ್ಲಿ ನಿಂತ ಕ್ಯಾಂಪರ್‌ವ್ಯಾನಿನ ಉಸ್ತುವಾರಿಯಲ್ಲಿದ್ದರೂ ಪ್ರಕರಣ ದಾಖಲಾಗಬಹುದು. ಅಮಲಿಳಿಯುವ ತನಕ ಓಡಿಸುವ ಸಂಭವವೇ ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ನಿಮ್ಮದು. ಬೆಳಿಗ್ಗೆ ಎದ್ದಾಗಲೂ ರಕ್ತದಲ್ಲಿ ಆಲ್ಕೋಹಾಲ್ ಉಳಿದಿರಬಹುದೆಂಬುದನ್ನು ಮರೆಯಬೇಡಿ.

ಪೊಲೀಸರು ಹಿಡಿದರೆ

ಸಕಾರಣವಿಲ್ಲದೆ ಉಸಿರಿನ ಪರೀಕ್ಷೆಗೆ ಒಪ್ಪದಿರುವುದೇ ಅಪರಾಧ. ವಕೀಲರು ಬರಲಿ ಎಂದು ಅದನ್ನು ತಡೆಹಿಡಿಯುವಂತಿಲ್ಲ. ಆದರೆ ಠಾಣೆಯಲ್ಲಿ ವಿಚಾರಣೆಗೆ ಮುನ್ನ ವಕೀಲರ ಸಲಹೆ ಪಡೆಯುವ ಹಕ್ಕು ನಿಮಗಿದೆ. ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಶುಲ್ಕವಿಲ್ಲ. ಲಂಡನ್ನಿನ ಭಾರತೀಯ ಹೈಕಮಿಷನ್ ಅಥವಾ ಎಡಿನ್‌ಬರೋದ ಕಾನ್ಸುಲೇಟ್‌ಗೆ ತಿಳಿಸುವಂತೆಯೂ ಕೋರಬಹುದು.

ಸಹಿ ಹಾಕಿಸಿಕೊಂಡರೆ

ಸಾಹಸ ಚಟುವಟಿಕೆಗೆ ಮುನ್ನ ‘ಏನಾದರೂ ನಾವು ಹೊಣೆಯಲ್ಲ’ ಎಂಬ ನಮೂನೆಗೆ ಸಹಿ ಕೇಳಬಹುದು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಕೇಂದ್ರದ ನಿರ್ಲಕ್ಷ್ಯದಿಂದ ಸಾವು ಅಥವಾ ಗಾಯವಾದರೆ ಅಂಥ ಷರತ್ತು ಊರ್ಜಿತವಲ್ಲ. ಗಾಯದ ಪರಿಹಾರಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಕಾಲಾವಕಾಶವಿದೆ. ಆದರೆ ಅಮಲಿನಲ್ಲಿ ಹಗ್ಗ ಹಿಡಿದು ಬಿದ್ದರೆ ನಿಮ್ಮ ತಪ್ಪಿನ ಪಾಲನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಬೆಟ್ಟದಲ್ಲಿ ಅಪಾಯವಾದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಬಳಿಕ ಮೌಂಟನ್ ರೆಸ್ಕ್ಯೂ ಕೇಳಿ. ಸ್ವಯಂಸೇವಕರ ಈ ನೆರವಿಗೆ ಹಣ ಕೊಡಬೇಕಿಲ್ಲ. ಕುಡಿಯುವ ಉದ್ದೇಶವಿದ್ದರೆ ಅದೇ ಕೇಂದ್ರದಲ್ಲಿ ಕೋಣೆ ಕಾಯ್ದಿರಿಸಿ, ಇಲ್ಲವೇ ಕುಡಿಯದ ಗೆಳೆಯರ ಕೈಗೆ ಕೀ ಕೊಡಿ. ಹಕ್ಕು ಕೇಳುವವರು ಕಾನೂನಿನ ಮಿತಿಯೊಳಗೆ ಇದ್ದಾಗಲೇ ಅವರ ಮಾತಿಗೆ ಬಲ.