ಕಾಣದ ಕಿರಣದ ಹೆಜ್ಜೆಗುರುತು

ಬೆಂಗಳೂರಿನ ದಂಡುಪ್ರದೇಶವನ್ನೂ ಹಲಸೂರನ್ನೂ ದಾಟಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ವಿಮಾನಪುರ ಸಿಗುತ್ತದೆ. ಅಲ್ಲಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಯು. ಆರ್. ರಾವ್ ಅವರ ಹೆಸರನ್ನಿಡಲಾಯಿತು. ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಅವರು ವಿಶ್ವಕಿರಣಗಳ ಅಧ್ಯಯನದಿಂದ ತಮ್ಮ ಸಂಶೋಧನೆಯನ್ನು ಆರಂಭಿಸಿದವರು. ಖಗೋಳ ವೀಕ್ಷಣೆಗೆಂದೇ ಭಾರತವು ಹಾರಿಸಿದ ಮೊದಲ ಉಪಗ್ರಹ ‘ಆಸ್ಟ್ರೋಸ್ಯಾಟ್’. ಈ ಕೇಂದ್ರದವರು ಜೋಡಿಸಿದ ಆ ಉಪಗ್ರಹವು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಬಾನಿಗೇರಿತು.

ನಕ್ಷತ್ರಲೋಕದಿಂದ ಬರುವ ಗ್ಯಾಮಾ ಕಿರಣಗಳನ್ನು ಭೂಮಿಯ ವಾಯುಮಂಡಲವು ತಡೆಯುತ್ತದೆ. ಆದುದರಿಂದ ಅವುಗಳನ್ನು ನೇರವಾಗಿ ಹಿಡಿಯಲು ಉಪಕರಣವು ಅಂತರಿಕ್ಷದಲ್ಲಿರಬೇಕು. ಅಲ್ಲಿಯೂ ಒಂದು ತೊಡಕುಂಟು. ಬೆಳಕನ್ನು ಮಸೂರದಿಂದ ಒಂದೆಡೆಗೆ ಕೂಡಿಸುವಂತೆ ಈ ಕಿರಣಗಳನ್ನು ಕೂಡಿಸಲಾಗದು. ಅವು ಗಾಜನ್ನು ತೂರಿಕೊಂಡು ಹೋಗುತ್ತವೆ. ಹಾಗಾದರೆ ಅವುಗಳನ್ನು ಅರಿಯುವ ಬಗೆ ಹೇಗೆ?

ಆಸ್ಟ್ರೋಸ್ಯಾಟ್‌ನ ಒಂದು ಉಪಕರಣದಲ್ಲಿ ಕ್ಯಾಡ್ಮಿಯಮ್, ಸತು, ಟೆಲ್ಲುರಿಯಮ್‌ಗಳಿಂದಾದ ಹರಳಿನ ಫಲಕಗಳಿವೆ. ಅವುಗಳಲ್ಲಿ ಒಟ್ಟು 16,384 ಪುಟ್ಟ ಚೌಕಗಳು. ಫೋಟಾನ್ ಎಂಬ ಕಿರಣಕಣವು ಬಡಿದಾಗ ಯಾವ ಚೌಕ, ಯಾವ ಕ್ಷಣ, ಎಷ್ಟು ಶಕ್ತಿ ಎಂಬ ಮೂರು ಸಂಗತಿಗಳು ದಾಖಲಾಗುತ್ತವೆ. ಕೆಲವೊಮ್ಮೆ ಫೋಟಾನ್ ಒಂದು ಚೌಕದಲ್ಲಿ ಎಲೆಕ್ಟ್ರಾನಿಗೆ ತಾಗಿ, ದಿಕ್ಕು ಬದಲಿಸಿ, ನೆರೆಯ ಚೌಕದಲ್ಲಿ ಲೀನವಾಗುತ್ತದೆ. ಆಗ ಎರಡು ಸಂಕೇತಗಳು ಒಟ್ಟಿಗೇ ಹುಟ್ಟುತ್ತವೆ. ಆ ಜೋಡಿಯನ್ನು ಕೂಡಿಸಿ ನೋಡಿದರೆ ಫೋಟಾನು ಹೊರಳಿದ ದಿಕ್ಕು ತಿಳಿಯುತ್ತದೆ.

ಆದರೆ ಎಲ್ಲ ಜೋಡಿಗಳೂ ನಿಜವಾದವಲ್ಲ. ವಿಶ್ವಕಿರಣಗಳು ಹಲವು ಚೌಕಗಳನ್ನು ಒಮ್ಮೆಗೇ ಕೆಣಕುತ್ತವೆ. ಬೇರೆ ಬೇರೆ ಫೋಟಾನುಗಳೂ ಆಕಸ್ಮಿಕವಾಗಿ ಒಂದೇ ಗಳಿಗೆಯಲ್ಲಿ ಬರಬಹುದು. ಕಾಳಿನಿಂದ ಜೊಳ್ಳನ್ನು ತೂರುವಂತೆ ವಿಜ್ಞಾನಿಗಳು ಇವನ್ನು ಬೇರ್ಪಡಿಸುತ್ತಾರೆ. ಚೌಕಗಳು ಅಕ್ಕಪಕ್ಕದಲ್ಲಿವೆಯೇ, ಕಾಲ ಹೊಂದುವುದೇ, ಶಕ್ತಿಯ ಹಂಚಿಕೆ ನಿಯಮಕ್ಕೆ ಒಪ್ಪುವುದೇ ಎಂದು ಒಂದೊಂದನ್ನೂ ಪರೀಕ್ಷಿಸುತ್ತಾರೆ.

ಹೀಗೆ ಉಳಿದ ಜೋಡಿಗಳನ್ನು ದಿಕ್ಕುದಿಕ್ಕಿಗೆ ಎಣಿಸಿದಾಗ, ಕೆಲವು ದಿಕ್ಕುಗಳಲ್ಲಿ ಹೆಚ್ಚು, ಕೆಲವು ದಿಕ್ಕುಗಳಲ್ಲಿ ಕಡಿಮೆ ಕಂಡರೆ, ಕಿರಣದ ಕಂಪನವು ಒಂದು ನಿಶ್ಚಿತ ದಿಕ್ಕಿನಲ್ಲಿದೆಯೆಂದು ಅರ್ಥ. ಇದೇ ಧ್ರುವೀಕರಣ. ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಸುಮಾರು ಮೂವತ್ತು ಬಾರಿ ತಿರುಗುವ ನಕ್ಷತ್ರವೊಂದಿದೆ. ಅದರ ಮಿಡಿತಗಳ ನಡುವಣ ಬಿಡುವಿನಲ್ಲಿಯೂ ಧ್ರುವೀಕರಣವು ಬದಲಾಗುವುದೆಂದು 2017ರಲ್ಲಿ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದರು. ಅದು ಯಾರೂ ನಿರೀಕ್ಷಿಸದ ಫಲಿತಾಂಶವಾಗಿತ್ತು.

ಕಣ್ಣಿಗೆ ಕಾಣದುದನ್ನು ಅದರ ಗುರುತುಗಳಿಂದ ಅರಿಯಬಹುದು. ಆದರೆ ಸುಳ್ಳು ಗುರುತನ್ನು ತೊರೆಯುವ ತಾಳ್ಮೆ ಇರಬೇಕು. ವಿಜ್ಞಾನದಲ್ಲಿ ಸತ್ಯವನ್ನು ಹುಡುಕುವ ಶ್ರಮದ ಬಹುಭಾಗವು ಈ ತಾಳ್ಮೆಯೇ ಆಗಿದೆ.